ಕಪ್ಪಿನ ಬಾಯಿ

ಚಳಿಗೆ ಕಿಟಕಿ ಬೆವರುವ ಅಡುಗೆಮನೆ, ಗ್ಯುಮ್ರಿ.
ಮೇಜಿನ ಮೇಲೆ ಒಂದು ಬೆಂಕಿಪೊಟ್ಟಣ,
ಹಳೆಯ ಕರೆಂಟು ಬಿಲ್ಲುಗಳ ಬಿಳಿ ಬೆನ್ನು,
ಚಾಕುವಿನಲ್ಲಿ ಚೂಪು ಮಾಡಿದ ಗಿಡ್ಡ ಪೆನ್ಸಿಲು.
"ಕೂತುಕೋ ಜಾರುಹಿ" ಅನ್ನುತ್ತಾಳೆ ಹೈಕಾನುಷ್ ಅಜ್ಜಿ,
ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ
ಒಲೆಗಳು ಹುಟ್ಟುವ ಮೊದಲೇ ಅವುಗಳ ಮುಖ ಕಂಡವಳು.

ನನ್ನ ಚಿಕ್ಕಪ್ಪನದು ಕಲ್ಲು ಕಡಿಯುವ ಅಂಗಳ.
ಕಲ್ಲನ್ನು ಕಾಗದದ ಮೇಲೆ ಕೂರಿಸಲು ಬಾರದವರಿಗೆ
ಉಳಿ ಕೊಡುವುದಿಲ್ಲ, ಅಂದಿದ್ದಾನೆ.
ಹೆಣ್ಣುಮಕ್ಕಳಿಗೆ ಕೊಡುವುದಿಲ್ಲ ಅನ್ನಲು
ಅದೊಂದು ಮರ್ಯಾದೆಯ ದಾರಿ ಇರಬಹುದು.
ಇರಲಿ. ಬಂದಿದ್ದೇನೆ.

ಮೊದಲ ವಾರವೆಲ್ಲ ಬರೀ ಗೆರೆ.
ಎರಡು ಚುಕ್ಕೆ, ನಡುವೆ ಖಾಲಿ.
ಪೆನ್ಸಿಲು ತಾಗಿಸದೆ ಗಾಳಿಯಲ್ಲೇ ಮೂರು ಸಲ ಹೋಗಿ ಬಾ,
ಆಮೇಲೆ ಇಳಿ.
ಮಣಿಕಟ್ಟಿನಿಂದಲ್ಲ, ಹೆಗಲಿನಿಂದ.
ಮಣಿಕಟ್ಟು ಸಹಿ ಹಾಕಲಿಕ್ಕೆ, ಹೆಗಲು ದೂರ ಹೋಗಲಿಕ್ಕೆ.
ಕಣ್ಣು ಹೊರಟ ಚುಕ್ಕೆಯ ಮೇಲಲ್ಲ, ಸೇರುವ ಚುಕ್ಕೆಯ ಮೇಲೆ.
ಅವಳ ಕೈಗೆ ನಡುಕದ ಕಾಯಿಲೆ.
ಅವಳ ಗೆರೆ ನೀರೊಳಗಿನ ಹುಲ್ಲಿನಂತೆ ಅಲುಗುತ್ತದೆ,
ಆದರೆ ಒಂದು ಸಲವೂ ಚುಕ್ಕೆ ತಪ್ಪಿಲ್ಲ.
ನನ್ನದು ನೆಟ್ಟಗಿದೆ; ಬೇರೆ ಯಾರದೋ ಮನೆ ತಲುಪುತ್ತದೆ.

ಬೆಂಕಿಪೊಟ್ಟಣ ಬರೆದೆ, ನೂರಾ ನಲವತ್ತು.
ಕೆಲವು ಕೀಲು ಕಳಚಿದ ಬಾಗಿಲಿನಂತೆ ಜೋತುಬಿದ್ದವು,
ಕೆಲವು ಹಿಂದಕ್ಕೆ ಹೋಗುತ್ತ ಹೋಗುತ್ತ ಅಗಲವಾದವು.
"ಇದೇನೇ, ದೂರ ಹೋದವರು ದಪ್ಪ ಆಗ್ತಾರಾ?"
ಅಂದು ನಕ್ಕಳು, ಕೆಮ್ಮಿದಳು,
ಬದಿಯ ಗೆರೆಗಳನ್ನು ಉದ್ದಕ್ಕೆ ಎಳೆದು ತೋರಿಸಿದಳು:
ಬಿಲ್ಲು ದಾಟಿ, ಮೇಜಿನ ಮೇಣಬಟ್ಟೆಯ ಹೂಗಳ ದಾಟಿ
ಉಪ್ಪಿನ ಭರಣಿಯ ಹತ್ತಿರ ಎಲ್ಲವೂ ಒಂದಾದವು.
ಮೇಣಬಟ್ಟೆಯ ಮೇಲೆ ಆ ಚುಕ್ಕೆ ಇವತ್ತಿಗೂ ಇದೆ.

ಮೂರನೇ ವಾರ ಜಗಳ.
ಕಾಣುವುದನ್ನು ಮಾತ್ರ ಬರೆ ಅಂದವಳು ನೀನೇ,
ಈಗ ಕಾಣದ ಹಿಂಬದಿಯ ಮೂಲೆಯನ್ನೂ ಬರೆ ಅಂದರೆ?
"ತೆಳ್ಳಗೆ ಬರೆ. ಪೆನ್ಸಿಲಿಗೇ ಕೇಳಿಸದಷ್ಟು ಮೆಲ್ಲಗೆ.
ಹಿಂದಿನ ಕಾಲು ಇಲ್ಲದ ಒಲೆ
ಮುಂದಿನಿಂದ ನೋಡಿದರೂ ವಾಲುತ್ತೆ."
ಬರೆದೆ. ನಾಲ್ಕನೇ ಮೂಲೆ ತಾನಾಗಿ ಬಂದು ನಿಂತಿತು,
ಊಟದ ಹೊತ್ತಿಗೆ ಸರಿಯಾಗಿ ಬಂದ ನೆಂಟನಂತೆ.

ಕಪ್ಪು ಬಂದದ್ದು ಕೊನೆಗೆ.
ಪಕ್ಕದ ಮನೆಯ ಕ್ನಾರಿಕ್ ನನಗೆ ಕಾಫಿ ಕುಡಿಸಿ
ಕಪ್ಪನ್ನು ಬಸಿಯ ಮೇಲೆ ಬೋರಲು ಹಾಕಿ
ಗಸಿಯಲ್ಲಿ ನನ್ನ ಮದುವೆ ಹುಡುಕಲು ಕಾಯುತ್ತಿದ್ದಳು.
ಅಜ್ಜಿ ಕೈ ಚಾಚಿ ಒದ್ದೆ ಕಪ್ಪನ್ನೆತ್ತಿ
ಬಿಲ್ಲಿನ ಅಂಚಿಗೆ ನಿಲ್ಲಿಸಿದಳು:
"ಭವಿಷ್ಯ ಆಮೇಲೆ. ಮೊದಲು ಬಾಯಿ."

ಬಾಯಿ ದುಂಡಗಿದೆ ಅಂತ ಗೊತ್ತು; ದುಂಡಗೆ ಬರೆದೆ.
ಕಾಫಿಯೆಲ್ಲ ಮಡಿಲಿಗೆ ಸುರಿಯುವಂತಿತ್ತು.
ಬೈಸಿಕೊಂಡೆ. ಚಪ್ಪಟೆ ಮಾಡಿದೆ; ಮೀನಾಯಿತು,
ಎರಡು ತುದಿಯೂ ಚೂಪು.
"ತುದಿ ಇಲ್ಲ ಅದಕ್ಕೆ, ತಿರುವು ಇದೆ.
ಮೊದಲು ಪೆಟ್ಟಿಗೆ ಬರೆ. ಮುಚ್ಚಳದ ನಾಲ್ಕೂ ಅಂಚಿನ ನಡುವನ್ನು
ಮುಟ್ಟಿಕೊಂಡು ಹೋಗು, ಮಗುವಿನ ಗಲ್ಲ ಸವರಿದ ಹಾಗೆ."
ಹನ್ನೊಂದನೆಯದು ಕೂತಿತು.
ಕ್ನಾರಿಕ್ ಬಗ್ಗಿ ನೋಡಿ, "ಇದರಲ್ಲಿ ಕುಡೀಬಹುದು" ಅಂದಳು.
ಅಜ್ಜಿ ಏನೂ ಅನ್ನಲಿಲ್ಲ, ಕಪ್ಪನ್ನು ಎತ್ತಿದಳು.

ಕೆಳಗೆ ಕಾಫಿಯ ಉಂಗುರ.
ಪೂರಾ ದುಂಡು.
ನಾನು ಬರೆದು ಬೈಸಿಕೊಂಡಷ್ಟೇ ದುಂಡು.
ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು
ನನ್ನ ಕಣ್ಣಿನ ಮಟ್ಟಕ್ಕೆ ಎತ್ತಿ ಮೆಲ್ಲಗೆ ಮಲಗಿಸಿದಳು.
ಉಂಗುರ ಕಿರಿದಾಯಿತು, ನನ್ನ ಹನ್ನೊಂದನೆಯ ಬಾಯಾಯಿತು.
ಇನ್ನೂ ಮಲಗಿಸಿದಳು. ಬಾಯಿ ಮುಚ್ಚಿತು,
ಒಂದು ಕಂದು ಗೆರೆ.
ಅವಳ ಬೆರಳು ನಡುಗುತ್ತಿತ್ತು, ಗೆರೆ ನಡುಗುತ್ತಿತ್ತು,
ಗೆರೆಯ ಆಚೆಗೆ ಅವಳ ಕಣ್ಣು.

"ನಾಳೆ ಚಿಕ್ಕಪ್ಪನ ಹತ್ತಿರ ಒಂದು ಕಲ್ಲು ಕೇಳಿ ತಾ," ಅಂದಳು,
"ಸಣ್ಣದು. ನನ್ನ ಮೇಜು ಹಳೇದು."